ನಾಳೆ ಮಾಸ್ಟರು ಗುಲಾಬಿ ಹೊಲಿದದ್ದು

ಬೀದಿಯ ತಿರುವಿನಲ್ಲಿದ್ದ ಟೈಲರ್ ಮಾಸ್ಟರಿಗೂ ತೊಟ್ಟಿಲಲ್ಲಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದನ್ನು ಹಿಡಿದು ಕರೆದವರನ್ನು ಯಾರೂ ಕಂಡಿಲ್ಲ. ಹೆಂಡತಿಗೆ ಅವರು ‘ಏನ್ರೀ’, ಅಕ್ಕನಿಗೆ ‘ಏನೋ’, ಮಿಕ್ಕ ಊರಿಗೆಲ್ಲ ‘ನಾಳೆ ಮಾಸ್ಟರು’. ಶರ್ಟು ಆಯಿತಾ ಮಾಸ್ಟ್ರೇ ಎಂದು ಕೇಳಿದರೆ ‘ನಾಳೆ ಬನ್ನಿ’. ನಾಳೆ ಹೋದರೆ ‘ಕಾಜಾ ಒಂದು ಬಾಕಿ, ನಾಳೆ ಬನ್ನಿ’. ಮಾರನೆಯ ದಿನ ಹೋದರೆ ಶರ್ಟು ಸಿದ್ಧವಿರುತ್ತಿತ್ತು, ಗುಂಡಿ ಇರುತ್ತಿರಲಿಲ್ಲ.

ಒಂದು ಸಲ ಬ್ಯಾಂಕಿನ ಮ್ಯಾನೇಜರು ನಿವೃತ್ತಿಯ ಸಮಾರಂಭಕ್ಕೆಂದು ಕೋಟು ಹೊಲಿಯಲು ಕೊಟ್ಟಿದ್ದರು. ಸಮಾರಂಭದ ದಿನ ಅಂಗಡಿಗೆ ಓಡಿ ಬಂದು, ಗೊಂಬೆಯ ಮೈಮೇಲಿದ್ದ ಕೋಟನ್ನು ಎಳೆದುಕೊಂಡೇ ಹೋದರು. ಭುಜದ ಮೇಲೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಇತ್ತು. ಭಾಷಣ ಮಾಡಿದವರು ಅದನ್ನು ಹೊಸ ಫ್ಯಾಷನ್ ಎಂದುಕೊಂಡು ಹೊಗಳಿದರಂತೆ. ಅಷ್ಟಾದರೂ ಮ್ಯಾನೇಜರು ಮುಂದಿನ ಬಟ್ಟೆಯನ್ನು ಇವರ ಬಳಿಯೇ ತಂದರು. ಯಾಕೆಂದರೆ ಮಾಸ್ಟರು ಹೊಲಿದ ಕೋಟು ಹಾಕಿಕೊಂಡರೆ ಗೂನುಬೆನ್ನು ಕೂಡ ನೆಟ್ಟಗೆ ಕಾಣುತ್ತಿತ್ತು. ಬೈದುಕೊಂಡು ಹೋಗುವುದು, ಮತ್ತೆ ಬಟ್ಟೆ ಹಿಡಿದು ಬರುವುದು ಊರಿಗೆ ರೂಢಿಯಾಗಿಬಿಟ್ಟಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಪಕ್ಕಕ್ಕೆ ಹೊಲಿಗೆಯ ಮಷೀನು, ಅದರ ಹಿಂದೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ತುಂಬ ತೋಳಿಲ್ಲದ ಶರ್ಟುಗಳು, ಕಾಲಿಲ್ಲದ ಪ್ಯಾಂಟುಗಳು. ಬಾಗಿಲಿಂದ ಬೀದಿಗೆ ಇಳಿಯುವ ಮೆಟ್ಟಿಲಿನ ಎಡಕ್ಕೆ ಒಂದು ಹಾಸಿಗೆ ಅಗಲದ ಮಣ್ಣು. ಆ ಮಣ್ಣು ಅಕ್ಕನದು. ಅದರ ಮೇಲಿನ ಗುಲಾಬಿ ಗಿಡವೂ ಅಕ್ಕನದು.

ಅಕ್ಕ ಮಾಸ್ಟರನ್ನು ಎತ್ತಿ ಆಡಿಸಿದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಅರ್ಧ ಆಯುಷ್ಯ ಕಳೆದು, ಗಂಡ ತೀರಿದ ಮೇಲೆ, ನೌಕರಿಯೂ ಮುಗಿದ ಮೇಲೆ, ತಮ್ಮನ ಮನೆಗೆ ಬಂದು ನೆಲೆಸಿದ್ದಳು. ಬರುವಾಗ ಒಂದು ಟ್ರಂಕು ತಂದಳು, ಒಂದು ನಗು ತಂದಳು, ಜೊತೆಗೆ ಯಾರ ದನಿ ಕೇಳಿದರೂ ಅದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಹೇಳಿಬಿಡುವ ಕಿವಿಯನ್ನೂ ತಂದಳು. ‘ನಾಳೆ ಬನ್ನಿ’ ಎಂದು ಮಾಸ್ಟರು ಗಿರಾಕಿಗೆ ಹೇಳುತ್ತಿದ್ದಂತೆ ಒಳಗಿನಿಂದ ‘ಬರಬೇಡಿ, ಅವನಿನ್ನೂ ಬಟ್ಟೆ ಕತ್ತರಿಸೇ ಇಲ್ಲ’ ಎಂದು ಅಕ್ಕನ ದನಿ ಬರುತ್ತಿತ್ತು.

ಗಿಡವನ್ನು ಆಕೆ ನರ್ಸರಿಯಿಂದ ತಂದು ನೆಟ್ಟಾಗಲೇ ಕಣ್ಣಿಗೆ ಪೊರೆ ದಟ್ಟವಾಗಿ ಕವಿದಿತ್ತು. ನರ್ಸರಿಯವನು ಅದನ್ನು ಫ್ಲೋರಿಬಂಡಾ ಎಂದಿದ್ದ. ಅಕ್ಕ ತಮ್ಮನಿಗೆ ಬಿಡಿಸಿ ಹೇಳಿದ್ದಳು: “ಇದು ಒಂಟಿ ಹೂವಿನ ಜಾತಿ ಅಲ್ಲ ಕಣೋ. ಒಂದು ಕಡ್ಡಿ ತುದೀಲಿ ಇಡೀ ಸಂಸಾರಾನೇ ಕೂತಿರುತ್ತೆ. ಅಜ್ಜಿ, ಸೊಸೆ, ಮೊಮ್ಮಕ್ಕಳು, ಎಲ್ಲಾ ಒಂದೇ ಗೊಂಚಲಲ್ಲಿ.”

ಬೆಳಗಿನ ಚಹಾ ಕುಡಿದು, ಮೋಟು ಸ್ಟೂಲು ಹಾಕಿಕೊಂಡು ಆಕೆ ಗಿಡದ ಮುಂದೆ ಕೂರುತ್ತಿದ್ದಳು. ನೋಡಿ ಮಾಡುವ ಕೆಲಸವನ್ನೆಲ್ಲ ಬೆರಳಿಂದ ಮಾಡುತ್ತಿದ್ದಳು. ಬಾಡಿದ ಗೊಂಚಲನ್ನು ಬೆರಳು ಹುಡುಕುತ್ತಿತ್ತು, ಕಡ್ಡಿಗುಂಟ ಕೆಳಗಿಳಿಯುತ್ತಿತ್ತು, ಗಟ್ಟಿ ಎಲೆ ಸಿಕ್ಕಲ್ಲಿ ನಿಲ್ಲುತ್ತಿತ್ತು, ಅದರ ಮೇಲಕ್ಕೆ ಕತ್ತರಿ ಬೀಳುತ್ತಿತ್ತು. ಮುಳ್ಳು ಚುಚ್ಚಿದರೆ ಗಿಡವನ್ನೇ ಗದರಿಸುತ್ತಿದ್ದಳು. ಹೂ ಹೇಗೆ ಕಾಣುತ್ತೆ ಅಕ್ಕಾ ಎಂದು ಒಮ್ಮೆ ಮಾಸ್ಟರು ಕೇಳಿದ್ದಕ್ಕೆ ಆಕೆ ಹೇಳಿದ್ದಳು: “ಬಕೇಟಿನಲ್ಲಿ ಬಟ್ಟೆ ಬಣ್ಣ ಬಿಟ್ಟ ಹಾಗೆ ಕಾಣುತ್ತೆ. ಬಣ್ಣ ಇದೆ ಅಂತ ಗೊತ್ತು, ಬಟ್ಟೆ ಎಲ್ಲಿ ಅಂತ ಗೊತ್ತಿಲ್ಲ.”

ಕೊನೆಗೆ ಅಕ್ಕನ ಮಗಳು ದೊಡ್ಡ ಆಸ್ಪತ್ರೆ ಇರುವ ತನ್ನ ಊರಿಗೆ ಅಮ್ಮನನ್ನು ಕರೆಸಿಕೊಂಡಳು. ಮೊದಲು ಒಂದು ಕಣ್ಣು, ಅದು ಸುಧಾರಿಸಿದ ಮೇಲೆ ಇನ್ನೊಂದು. ಎರಡೂ ಮುಗಿದು, ಬಗ್ಗಬಹುದು, ಧೂಳಿಗೆ ಬರಬಹುದು ಎಂದು ಡಾಕ್ಟರು ಹೇಳುವ ತನಕ ಅಲ್ಲೇ ಇರಬೇಕು.

ಅಕ್ಕ ಹೊರಟದ್ದು ಶಾಲೆ ಶುರುವಾಗುವ ಕಾಲಕ್ಕೆ. ಮೇಜಿನ ಮೇಲೆ ಯೂನಿಫಾರಂ ಬಟ್ಟೆ ಗುಡ್ಡದಂತೆ ಬಿದ್ದಿತ್ತು. ಮಾಸ್ಟರ ಬಾಯಲ್ಲಿ ಸಾಲಾಗಿ ಗುಂಡುಸೂಜಿಗಳು.

“ನೋಡೋ,” ಎಂದಳು ಅಕ್ಕ, “ನೀರು ಬುಡಕ್ಕೆ ಹಾಕು, ಎಲೆ ಮೇಲೆ ಹುಯ್ಯಬೇಡ.”

“ಹ್ಞೂಂ.”

“ಬಾಡಿದ್ದನ್ನ ಅವತ್ತವತ್ತೇ ತೆಗಿ. ಬುಡದಲ್ಲಿ ಒಂದು ಗಂಟು ಇದೆ, ಅದರ ಕೆಳಗಿಂದ ಏನು ಚಿಗುರು ಬಂದರೂ ಕಿತ್ತು ಎಸಿ.”

“ಹ್ಞೂಂ.”

“ಈ ಗಿಡದ ಮುಖ ನಾನಿನ್ನೂ ನೋಡಿಲ್ಲ ಕಣೋ. ಕಣ್ಣು ಬಂದ ಮೇಲೆ ನೆಟ್ಟಗೆ ಇಲ್ಲಿಗೇ ಬಂದು ನೋಡೋದು ಇದನ್ನೇ. ನಾನು ಬರೋ ದಿನ ಇದು ಹೂ ತುಂಬಿಕೊಂಡು ನಿಂತಿರಬೇಕು. ಆಯ್ತಾ?”

ಮಾಸ್ಟರು ಬಾಯಿಂದ ಸೂಜಿಗಳನ್ನೆಲ್ಲ ತೆಗೆದರು. ಅಕ್ಕನ ಕೈ ಹಿಡಿದರು. “ಇರುತ್ತೆ ಅಕ್ಕಾ,” ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಕ್ಕನ ಕಿವಿಗೂ ಅದು ಗೊತ್ತಾಯಿತು. ನಕ್ಕು ಬಸ್ಸು ಹತ್ತಿದಳು.

ತೊಂದರೆ ಏನಾಯಿತೆಂದರೆ, ಮಾಸ್ಟರು ಕೇಳಿಸಿಕೊಂಡಿದ್ದು ಸೂಜಿ ತೆಗೆದ ಮೇಲಿನ ಮಾತನ್ನು ಮಾತ್ರ. ಬಾಯಲ್ಲಿ ಸೂಜಿ ಇದ್ದಾಗ ಅವರು ಯಾರು ಏನೆಂದರೂ ‘ಹ್ಞೂಂ’ ಎನ್ನುತ್ತಿದ್ದರು. ಆಗ ಅವರ ಕಿವಿ ಬಟ್ಟೆಯ ಒಳಗೆ ಇರುತ್ತಿತ್ತು.

ನೀರೇನೋ ತಪ್ಪದೆ ಹಾಕಿದರು. ಜನ್ಮದಲ್ಲಿ ಮೊದಲ ಸಲ ಒಂದು ಕೆಲಸವನ್ನು ನಾಳೆಗೆ ದೂಡದೆ ಮಾಡಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ಈ ಗಿಡದ ಯೋಗ ನನ್ನ ಹಣೇಲಿ ಬರೆದಿದ್ದರೆ ಅಡುಗೆ ಮನೆ ಪರದೆ ಯಾವತ್ತೋ ಹೊಲಿದಾಗಿರೋದು,” ಎಂದು ಚುಚ್ಚಿದಳು. ಆ ಪರದೆಯ ಬಟ್ಟೆ ಮೇಜಿನ ಕೆಳಗೆ ಸುರುಳಿಯಾಗಿ ಮಲಗಿ ಯಾವ ಕಾಲವಾಗಿತ್ತೋ.

ಕೆಲವು ದಿನಕ್ಕೆ ಬುಡದಿಂದ ಒಂದು ಹೊಸ ಕಡ್ಡಿ ಎದ್ದಿತು. ಅಬ್ಬಾ, ಅದೇನು ಕಡ್ಡಿ! ನೇರ, ನುಣುಪು, ತಿಳಿ ಹಸಿರು. ಪಕ್ಕದ ಹಳೆಯ ಕೊಂಬೆಗಳು ಡೊಂಕು ಡೊಂಕಾಗಿ ಮೊಣಕಾಲೆತ್ತರಕ್ಕೇ ನಿಂತಿದ್ದರೆ, ಇದು ದಿನಬೆಳಗಾದರೆ ಗೇಣುದ್ದ ಮೇಲೆ. ಟೈಲರನ ಕಣ್ಣಿಗೆ ಉದ್ದವೇ ಚೆಲುವು. ತುಂಡಾಗಿ ಬಂದ ಬಟ್ಟೆಯಲ್ಲಿ ಅಂಗಿ ಹೊಂದಿಸುವ ಕಷ್ಟ ಉಂಡವರಿಗೆ, ಹೀಗೆ ಥಾನು ಬಿಚ್ಚಿದಂತೆ ಬರುವುದನ್ನು ಕಂಡರೆ ಜೀವ ಹಿಗ್ಗದಿರುತ್ತದೆಯೇ? ಮಾಸ್ಟರು ತಮ್ಮ ಗಜಕಡ್ಡಿಯನ್ನೇ ತಂದು ಅದರ ಪಕ್ಕಕ್ಕೆ ನೆಟ್ಟು, ಯೂನಿಫಾರಂನ ನೀಲಿ ಅಂಚಿನಿಂದ ಕಟ್ಟಿದರು. ಕೊರಳಿನ ಟೇಪು ತೆಗೆದು ಅಳತೆ ಹಿಡಿದರು.

“ಎದೆ ಸುತ್ತಳತೆಯನ್ನೂ ತಗೊಳ್ಳಿ,” ಎಂದಳು ಹೆಂಡತಿ. “ಕೋಟು ಹೊಲಿಸಿದರೂ ಹೊಲಿಸಬಹುದು.”

ಎದುರು ಮನೆಯ ಡ್ರೈವರಣ್ಣ ಬಸ್ಸಿನ ನೌಕರಿ ಬಿಟ್ಟ ಮೇಲೆ ಕೈಗೆ ಸ್ಟೀಯರಿಂಗ್ ಇಲ್ಲದೆ ಬೀದಿಯ ಎಲ್ಲ ಕೆಲಸಕ್ಕೂ ದಾರಿ ತೋರಿಸುವವರು. ಅವರು ಬಂದು ನೋಡಿ, “ಮಾಸ್ಟ್ರೇ, ಈ ಕಡ್ಡಿ ಒಂದೇ ಸಾಕು. ಆ ಪುಟಗೋಸಿ ಕೊಂಬೆಗಳು ಸುಮ್ನೆ ರೋಡ್ ಬ್ಲಾಕ್. ತೆಗೀರಿ ಅತ್ಲಾಗೆ, ಇದಕ್ಕೆ ಸೈಡ್ ಸಿಗಲಿ,” ಎಂದರು.

ಮಾಸ್ಟರಿಗೆ ಅದು ಸರಿ ಎನಿಸಿತು. ಅಂಗಿ ಕತ್ತರಿಸುವಾಗ ಒಳ್ಳೆಯ ಉದ್ದ ಬಟ್ಟೆಯನ್ನು ಬೆನ್ನಿಗೆ ಇಟ್ಟು, ಸೊಟ್ಟ ತುಂಡನ್ನು ಚಿಂದಿಗೆ ಹಾಕುವುದಿಲ್ಲವೇ? ಡ್ರೈವರಣ್ಣನ ಮನೆಯಿಂದಲೇ ತೋಟದ ಕತ್ತರಿ ಬಂತು, ಯಾಕೆಂದರೆ ಬಟ್ಟೆಯ ಕತ್ತರಿಯನ್ನು ಗಿಡಕ್ಕೆ ಹಾಕಲು ಮಾಸ್ಟರ ಮನಸ್ಸು ಸತ್ತರೂ ಒಪ್ಪದು. ಹಳೆಯ ಕೊಂಬೆಗಳೆಲ್ಲ ಗಿಡ್ಡ ಗಿಡ್ಡ ಮೋಟಾದವು. ಹೊಸ ಕಡ್ಡಿ ಒಂದೇ ಮದುವೆ ಗಂಡಿನಂತೆ ನಡುವೆ ನಿಂತಿತು.

ಅಕ್ಕನ ಫೋನು ಬರುತ್ತಿತ್ತು. ಒಂದು ಕಣ್ಣು ಮುಗಿಯಿತು, ಚೆನ್ನಾಗಿದೆ, ಇನ್ನೊಂದಕ್ಕೆ ದಿನ ಗೊತ್ತಾಗಿದೆ. ಗಿಡ ಹೇಗಿದೆಯೋ?

“ಸೊಗಸಾಗಿ ಬೆಳೀತಿದೆ ಅಕ್ಕಾ!” ಎಂದು ಮಾಸ್ಟರು ಕೂಗಿದರು. ಅದೂ ಸುಳ್ಳಲ್ಲ. ಕಡ್ಡಿ ಆಗ ಅವರ ಭುಜಕ್ಕೆ ಬಂದಿತ್ತು.

ಹೀಗಿರುವಾಗ ಒಂದು ದಿನ ನರ್ಸರಿಯವನೇ ಅಂಗಡಿಗೆ ಬಂದ. ಗಿಡ ನೋಡಲು ಬಂದದ್ದಲ್ಲ, ತನ್ನ ಪ್ಯಾಂಟು ಕೇಳಲು ಬಂದದ್ದು. ಎಷ್ಟನೆಯ ಸಲವೋ ಅವನೇ ಮರೆತಿದ್ದ. ಮಾಸ್ಟರು ಬಾಯಿ ತೆರೆಯುವ ಮೊದಲೇ, “ನಾಳೆ ಅಂದರೆ ಇಲ್ಲೇ ಕೂತುಬಿಡ್ತೀನಿ,” ಎಂದು ಮೆಟ್ಟಿಲ ಮೇಲೆ ಕುಳಿತ. ಕುಳಿತವನ ಕಣ್ಣು ಎಡಕ್ಕೆ ಹೋಯಿತು.

“ಮಾಸ್ಟ್ರೇ, ಇದೇನಿದು?”

“ಗುಲಾಬಿ ಅಲ್ವೇನಪ್ಪಾ. ನಿನ್ನ ಹತ್ತಿರವೇ ತಂದಿದ್ದು. ಹೆಂಗಿದೆ ನೋಡು ಎತ್ತರ, ಮದುವೆ ಗಂಡಿನ ಹಾಗೆ!”

ನರ್ಸರಿಯವನು ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತ. ಬುಡದ ಮಣ್ಣು ಕೆದಕಿದ. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಮೆಟ್ಟಿಲು ಹಿಡಿದುಕೊಂಡ.

“ಗುಲಾಬೀನ ಬೋಳಿಸಿ ಕಾಡುಮುಳ್ಳಿಗೆ ಕೋಲು ಕಟ್ಟಿದ್ದೀರಲ್ಲ ಮಾಸ್ಟ್ರೇ! ಈ ಗಂಟು ನೋಡಿ. ಕೆಳಗಿರೋ ಬೇರು ಕಾಡು ಜಾತಿದು, ಗಟ್ಟಿಮುಟ್ಟು. ಮೇಲಿರೋದು ಹೂವಿನ ಜಾತಿ. ಎರಡನ್ನೂ ಇಲ್ಲಿ ಕಸಿ ಕಟ್ಟಿರೋದು. ನಿಮ್ಮ ಭಾಷೇಲಿ ಹೇಳಬೇಕು ಅಂದ್ರೆ ಇದು ಹೊಲಿಗೆ ಜಾಗ. ಹೊಲಿಗೆಯಿಂದ ಮೇಲೆ ರೇಷ್ಮೆ, ಕೆಳಗೆ ಗೋಣಿತಾಟು. ನಿಮ್ಮ ಮದುವೆ ಗಂಡು ಎಲ್ಲಿಂದ ಬಂದಿದಾನೆ ನೋಡಿ.”

ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಕಡ್ಡಿ ಗಂಟಿನ ಕೆಳಗಿಂದ ಬಂದಿತ್ತು. ಸೂಜಿಗಳ ನಡುವೆ ಕೇಳಿದ ಅಕ್ಕನ ಮಾತು ಈಗ, ತಡವಾಗಿ ತಲುಪಿದ ಬಸ್ಸಿನಂತೆ, ಕಿವಿಯೊಳಗೆ ಬಂದು ನಿಂತಿತು. ಹೊಲಿಗೆ ಎಲ್ಲಿದೆ ಎಂದು ಬೆರಳಿಂದ ಮುಟ್ಟಿ ಹೇಳಬಲ್ಲವರು, ಇಷ್ಟು ದಿನ ಗೋಣಿತಾಟಿಗೆ ಇಸ್ತ್ರಿ ಮಾಡಿದ್ದೆ ಎಂದುಕೊಂಡು ಮೆಟ್ಟಿಲ ಮೇಲೆ ಕುಸಿದರು.

ನರ್ಸರಿಯವನು ಕಡ್ಡಿಯನ್ನು ಬುಡಸಮೇತ ಎಳೆದು ಕಿತ್ತ. ಕತ್ತರಿಸಿದರೆ ಮತ್ತೆ ಬರುತ್ತದಂತೆ, ಕಿತ್ತೇ ತೆಗೆಯಬೇಕಂತೆ. ಮೋಟು ಕೊಂಬೆಗಳನ್ನು ಉಗುರಿನಿಂದ ಗೀರಿ ನೋಡಿದ. ಒಳಗೆ ಹಸಿರಿತ್ತು. “ಜೀವ ಇದೆ. ಗೊಬ್ಬರ ಕೊಡಿ, ಬಿಸಿಲು ಬೀಳಲಿ, ಚಿಗುರುತ್ತೆ.”

“ಹೂ ಯಾವಾಗ ಬರುತ್ತಪ್ಪಾ? ಅಕ್ಕ ಬರೋಳಿದಾಳೆ.”

ನರ್ಸರಿಯವನು ಎದ್ದು ನಿಂತ. ಮುಖದಲ್ಲಿ ಹಬ್ಬವೇ ಹಬ್ಬ. ಇಂಥ ಗಳಿಗೆ ಮನುಷ್ಯನಿಗೆ ಜೀವಮಾನದಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು.

“ನಾಳೆ ಬನ್ನಿ ಮಾಸ್ಟ್ರೇ,” ಎಂದ.

ಪ್ಯಾಂಟು ಅವತ್ತೇ ಸಿಕ್ಕಿತು ಅವನಿಗೆ, ಗುಂಡಿಯ ಸಮೇತ. ಮಾಸ್ಟರು ಅವನನ್ನು ಅಲ್ಲೇ ಕೂರಿಸಿ ಹೊಲಿದು ಕೊಟ್ಟರು.

ಅಂದಿನಿಂದ ಮಾಸ್ಟರು ಗಿರಾಕಿಯಾದರು, ಗಿಡ ಟೈಲರಾಯಿತು. ಬೆಳಗಾಗೆದ್ದು ಮೆಟ್ಟಿಲಿಗೆ ಬಂದು ಮೋಟುಗಳನ್ನು ನೋಡುವುದು. ಮಧ್ಯಾಹ್ನ ಮಷೀನು ನಿಲ್ಲಿಸಿ ಮತ್ತೊಮ್ಮೆ. ಗಿರಾಕಿಯ ಅಳತೆ ತೆಗೆಯುತ್ತ ತೆಗೆಯುತ್ತ, ಅವನ ಕಂಕುಳ ಸಂದಿಯಿಂದ ಮತ್ತೊಮ್ಮೆ. ಹೆಂಡತಿ ಬಾಗಿಲಿಗೆ ಒರಗಿ, ಗಂಡನ ದನಿಯನ್ನೇ ತೆಗೆದು, “ಇನ್ನೂ ಕಾಲರ್ ಆಗಿಲ್ಲ ಸಾರ್, ನಾಳೆ ಬನ್ನಿ. ಕಾಜಾದವನು ಊರಿಗೆ ಹೋಗಿದಾನೆ ಸಾರ್,” ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ನಗು ನಗು. ಅಕ್ಕ ಬಂದು ಈ ಮೋಟು ನೋಡಿದರೆ ಆಗ ನಕ್ಕೀಯಂತೆ.”

“ಅತ್ತಿಗೆ ನನ್ನ ಬೈಯಲ್ಲ. ಕತ್ತರಿ ಹಿಡಿದಿದ್ದು ನಾನಲ್ಲ.”

ಆದರೂ ಅಡುಗೆ ಮನೆಯ ತರಕಾರಿ ಸಿಪ್ಪೆ, ಚಹಾದ ಚರಟ ಎಲ್ಲ ಗಿಡದ ಪಾತಿಗೆ ಹೋಗುತ್ತಿದ್ದುದು ಅವಳ ಕೈಯಿಂದಲೇ. ಡ್ರೈವರಣ್ಣ ತಮ್ಮ ಪಾಲಿನ ತಪ್ಪಿಗೆ ಒಂದು ಬುಟ್ಟಿ ಗೊಬ್ಬರ ತಂದು ಸುರಿದು, “ರಾಂಗ್ ಟರ್ನ್ ತಗೊಂಡ್ವಿ ಮಾಸ್ಟ್ರೇ, ರಿವರ್ಸ್ ತಗೊಳ್ಳೋಣ,” ಎಂದರು.

ಮೋಟಿನ ಪಕ್ಕದಿಂದ ಒಂದು ಕೆಂಪು ಚುಕ್ಕೆ ಎದ್ದಿತು. ಅದು ಚೂಪಾಯಿತು, ಎಲೆಯಾಗಿ ಬಿಚ್ಚಿತು. ಇನ್ನೊಂದು, ಮತ್ತೊಂದು. ತಾಮ್ರದ ಬಣ್ಣದ ಎಳೆ ಎಲೆಗಳು ಬರಬರುತ್ತ ಹಸಿರಾದವು. ಗಿಡ ಮೈತುಂಬಿಕೊಂಡಿತು. ಆದರೆ ಹೂವಿನ ಸುಳಿವಿಲ್ಲ.

ಈಗ ಅಕ್ಕನ ಫೋನು ಬಂದರೆ ಮಾಸ್ಟರಿಗೆ ಎತ್ತುವುದೇ ಕಷ್ಟ. ದನಿ ಕೇಳಿದರೆ ಅಕ್ಕನಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಅವರೊಂದು ಉಪಾಯ ಮಾಡಿದರು. ಫೋನು ಗಣಗಣಿಸಿದ ಕೂಡಲೇ ಬಾಯಿಗೆ ಗುಂಡುಸೂಜಿ ಹಾಕಿಕೊಳ್ಳುವುದು.

“ಗಿಡ ಹೇಗಿದೆಯೋ?”

“ಹ್ಞೂಂ.”

“ಹೂ ಇದೆಯೇನೋ?”

“ಹ್ಞೂಂ... ಹ್ಞೂಂ.”

“ಸೂಜಿ ಉಗಿದು ಮಾತಾಡು!”

“ಹ್ಞೂಂ,” ಎಂದು ಮಾಸ್ಟರು ಫೋನನ್ನು ಹೆಂಡತಿಯ ಕೈಗೆ ತುರುಕಿದರು. ಅವಳು, “ಅತ್ತಿಗೆ, ಅವರಿಗೆ ಕೆಲಸ ಜಾಸ್ತಿ, ನೀವು ಯಾವಾಗ ಬರ್ತೀರಿ ಹೇಳಿ,” ಎಂದು ಮಾತು ತಿರುಗಿಸಿದಳು. ತಿರುಗಿಸಿದ ಮಾತು ಇನ್ನೂ ದೊಡ್ಡ ಹಳ್ಳಕ್ಕೆ ಬಿತ್ತು. ಅಕ್ಕ ಭಾನುವಾರ ಬರುವವಳಿದ್ದಳು. ಡಾಕ್ಟರು ಎರಡು ಕಣ್ಣಿಗೂ ಒಪ್ಪಿಗೆ ಕೊಟ್ಟಿದ್ದರು.

ಶನಿವಾರವೆಲ್ಲ ಮಾಸ್ಟರು ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಿಲ್ಲ. ಒಬ್ಬನ ಜೇಬನ್ನು ತಲೆಕೆಳಗು ಮಾಡಿ ಹೊಲಿದರು. ಇಡೀ ಆಯುಷ್ಯ ಮಾತು ತಪ್ಪಿದವರಿಗೆ ಇದೊಂದು ಮಾತು ಮುಳ್ಳಾಗಿ ಚುಚ್ಚುತ್ತಿತ್ತು. ಊರಿಗೆಲ್ಲ ಹೇಳಿದ್ದು ಬಾಯಲ್ಲಿ. ಅಕ್ಕನಿಗೆ ಹೇಳಿದ್ದು ಕೈ ಹಿಡಿದು. ಪಾಪ, ಎಷ್ಟು ಕಾಲದಿಂದ ಬಣ್ಣದ ನೀರನ್ನೇ ನೋಡಿಕೊಂಡು ಗಿಡ ಸಾಕಿದವಳು, ಹೊಸ ಕಣ್ಣು ತೆರೆದು ಬಂದಾಗ ಬರೀ ಎಲೆ ತೋರಿಸುವುದೇ?

ಭಾನುವಾರ ಬೆಳಗ್ಗೆ ಅಂಗಡಿಯ ಬಾಗಿಲು ಹಾಕಿತ್ತು, ಮಾಸ್ಟರು ಕಾಣಲಿಲ್ಲ. ಬಂದಾಗ ಕೈಯಲ್ಲಿ ಕಾಗದದ ದೊಡ್ಡ ಪೊಟ್ಟಣ. ಹೂವಿನಂಗಡಿಯಲ್ಲಿ ಇದ್ದ ಕೆಂಪು ಗುಲಾಬಿಗಳನ್ನೆಲ್ಲ ಆರಿಸಿ ತಂದಿದ್ದರು.

“ಇದೇನ್ರೀ?”

“ಸುಮ್ನಿರು. ಹಸಿರು ದಾರದ ಉಂಡೆ ಕೊಡು.”

ಹೆಂಡತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. “ಅಯ್ಯೋ ನಿಮ್ಮ! ಹೂ ಹೊಲೀತೀರಾ?”

“ಈ ಕೈಗೆ ಬರೋದು ಅದೊಂದೇ ಕಣೇ.”

ಅವಳು ಬೇಡವೆಂದಳು, ಪಾಪವೆಂದಳು, ಹುಚ್ಚೆಂದಳು. ಹೇಳುತ್ತ ಹೇಳುತ್ತಲೇ ದಾರದ ಉಂಡೆ ಹಿಡಿದು ಪಕ್ಕದಲ್ಲಿ ಕುಳಿತಳು. ಮಾಸ್ಟರು ಸ್ಟೂಲು ಹಾಕಿಕೊಂಡು ಕೆಲಸಕ್ಕೆ ಇಳಿದರು. ಅಂಥ ಹೊಲಿಗೆಯನ್ನು ಅವರು ಮದುವೆಯ ಕೋಟಿಗೂ ಹಾಕಿರಲಿಲ್ಲ. ತೊಟ್ಟನ್ನು ಓರೆಯಾಗಿ ಸೀಳಿ, ಎಳೆ ಕಡ್ಡಿಗೆ ಒತ್ತಿ ಹಿಡಿದು, ದಾರವನ್ನು ಎಲೆಯ ಮರೆಗೆ ಸುತ್ತಿ, ಗಂಟನ್ನು ಹಿಂದಕ್ಕೆ ಅಡಗಿಸಿದರು. ಗೊಂಚಲು ಗುಲಾಬಿ ಎಂಬುದು ಅವರಿಗೆ ನೆನಪಿತ್ತು. ಒಂದೊಂದು ತುದಿಗೂ ನಾಲ್ಕೈದು ಸೇರಿಸಿ ಕಟ್ಟಿದರು. ಎದ್ದು ದೂರ ನಿಂತು ತಲೆ ಓರೆ ಮಾಡಿ ನೋಡಿದರು. ಡ್ರೈವರಣ್ಣ ಬಂದವರು ಬೆರಗಾಗಿ, “ಮಾಸ್ಟ್ರೇ! ಒಂದೇ ರಾತ್ರೀಲಿ ಅರಳಿಬಿಡ್ತಾ?” ಎಂದು ಕೈ ಜೋಡಿಸಿದರು. ಅದನ್ನು ಕೇಳಿ ಮಾಸ್ಟರಿಗೆ ಧೈರ್ಯ ಬಂತು.

ಆಟೋ ಬಂದು ನಿಂತಿತು.

ಅಕ್ಕ ಇಳಿದಳು. ಕಪ್ಪು ಕನ್ನಡಕ ಇತ್ತು. ಅದನ್ನು ತೆಗೆದು ಕೈಚೀಲಕ್ಕೆ ಹಾಕಿದಳು. ಕಣ್ಣನ್ನು ಕಿರಿದು ಮಾಡಲಿಲ್ಲ, ತಲೆಯನ್ನು ಮುಂದಕ್ಕೆ ಚಾಚಲಿಲ್ಲ. ನಿಂತಲ್ಲೇ ನಿಂತು ಬೀದಿಯನ್ನು ನೋಡಿದಳು, ಮನೆಯನ್ನು ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಯಾವಾಗಲೋ ನಿನಗೆ ಇಷ್ಟೊಂದು ತಲೆ ನರೆತದ್ದು?”

ಮಾಸ್ಟರು ತಲೆ ಸವರಿಕೊಂಡರು.

“ಏನೇ, ನೀನು ಇಷ್ಟು ತೆಳ್ಳಗಾಗಿದೀಯಾ? ದನಿ ಕೇಳಿ ದಪ್ಪ ಆಗಿದೀಯ ಅಂದ್ಕೊಂಡಿದ್ದೆ,” ಎಂದು ತಮ್ಮನ ಹೆಂಡತಿಯ ಗಲ್ಲ ಹಿಡಿದಳು. ಆಮೇಲೆ ಗಿಡದ ಕಡೆಗೆ ತಿರುಗಿದಳು.

ಹೆಂಡತಿ ಗೋಡೆಯ ಕಡೆ ನೋಡಿದಳು.

ಅಕ್ಕ ಸ್ಟೂಲು ಎಳೆದು ಕುಳಿತಳು. ಬೆರಳು ಚಾಚಲು ಹೋಗಿ, ಬೇಕಿಲ್ಲವೆಂದು ನೆನಪಾಗಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಂದು ಗೊಂಚಲು ನೋಡಿದಳು. ಇನ್ನೊಂದನ್ನು ನೋಡಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡು ಮಾಸ್ಟರು, “ಅಕ್ಕಾ...” ಎಂದರು.

ಅಕ್ಕ ನಗುತ್ತಿದ್ದಳು.

“ಗುಂಡಿ ಹೊಲಿದ ಹಾಗಿದೆಯಲ್ಲೋ!” ಎಂದಳು. “ಎಲ್ಲಾ ಒಂದೇ ಸೈಜು! ನನ್ನ ಸಂಸಾರದಲ್ಲಿ ಅಜ್ಜಿ ಎಲ್ಲಿ, ಮೊಮ್ಮಗು ಎಲ್ಲಿ? ಒಂದು ಅರಳಿದ್ದು, ಒಂದು ಅರೆಬಿರಿದದ್ದು, ಒಂದು ಮೊಗ್ಗು ಅಂತ ಬೇಡ್ವೇನೋ? ಎಲ್ಲರಿಗೂ ಯೂನಿಫಾರಂ ಹಾಕಿಸಿ ಸಾಲಾಗಿ ನಿಲ್ಲಿಸಿದೀಯಲ್ಲ!”

“ಅಕ್ಕಾ, ಅದು...”

“ಹಸಿರು ದಾರ. ಇಲ್ಲಿ ಗಂಟು. ಇಲ್ಲೂ ಗಂಟು. ಇದನ್ನ ಹಿಂದಕ್ಕೆ ಮುಚ್ಚಿಟ್ಟಿದೀಯ, ಆದರೂ ಕಾಣುತ್ತೆ. ಇಲ್ಲಿ ದಾರದ ತುದಿ ಕತ್ತರಿಸೋದು ಮರೆತಿದೀಯ.”

ಮಾಸ್ಟರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ನೋಡಿದರು. ಆ ದಾರದ ತುದಿ ಅವರಿಗೆ ಕಾಣಲೇ ಇಲ್ಲ. ಹೊಲಿದವರು ಅವರು. ಇರುವೆಯ ಮೀಸೆಯಷ್ಟು ದಾರ ಅದು.

“ಅದು... ಅದು ಕಾಣುತ್ತಾ ಅಕ್ಕಾ ನಿನಗೆ?”

“ಕಾಣದೆ? ಇಲ್ಲೇ ಇದೆಯಲ್ಲ.”

ಆಗ ಮಾಸ್ಟರಿಗೆ ಏನಾಯಿತೋ, ಕಳ್ಳತನ ಸಿಕ್ಕಿಬಿದ್ದ ನಾಚಿಕೆಯೆಲ್ಲ ಹಾರಿಹೋಯಿತು. ಎದ್ದು ಬೀದಿಗೆ ಕೇಳುವಂತೆ, “ಡ್ರೈವರಣ್ಣಾ! ದಾರ ಕಾಣುತ್ತಂತೆ! ನನ್ನ ಹೊಲಿಗೇಲಿ ಗಂಟು ಕಾಣುತ್ತಂತೆ ನಮ್ಮಕ್ಕನಿಗೆ!” ಎಂದು ಕೂಗಿದರು. ತನ್ನ ಕೆಲಸದಲ್ಲಿ ತಪ್ಪು ಹುಡುಕಿದ್ದಕ್ಕೆ ಹೀಗೆ ಕುಣಿದ ಟೈಲರನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಹೆಂಡತಿ ನಗುತ್ತ ಕಣ್ಣೊರೆಸಿಕೊಂಡಳು. ಡ್ರೈವರಣ್ಣನಿಗೆ ಹೂ ಹೊಲಿದದ್ದೆಂದು ಆಗಲೇ ಗೊತ್ತಾದದ್ದು. ತಾವು ಕೈ ಜೋಡಿಸಿದ್ದು ನೆನಪಾಗಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲೆ ಎಲ್ಲ ಹೊರಬಂತು. ಮದುವೆ ಗಂಡಿನ ಕಥೆ, ಗೋಣಿತಾಟಿನ ಕಥೆ, ಬಾಯಲ್ಲಿ ಸೂಜಿ ತುಂಬಿಕೊಂಡ ಕಥೆ. ಅಕ್ಕ ಕೇಳುತ್ತ ಕೇಳುತ್ತ ಸಣ್ಣ ಕತ್ತರಿಯಿಂದ ದಾರಗಳನ್ನು ಒಂದೊಂದಾಗಿ ಬಿಡಿಸಿದಳು. ಹೂಗಳು ತಮ್ಮನ ಕೈಗೆ ಬಂದವು. ಹೆಂಡತಿ ಅವನ್ನು ಚೊಂಬಿನ ನೀರಿಗೆ ಹಾಕಿದಳು.

ಗಿಡ ಬರಿದಾಯಿತು. ಮಾಸ್ಟರ ಮುಖ ಮತ್ತೆ ಬಾಡಿತು. “ನಿನಗೆ ಕೊಟ್ಟ ಮಾತು ಉಳಿಸ್ಕೊಳ್ಳಕ್ಕೆ ಆಗಲಿಲ್ಲ ಅಕ್ಕಾ. ಒಂದು ಮೊಗ್ಗೂ ಇಲ್ಲ.”

“ಇಲ್ಲ ಅಂತ ಯಾರು ಹೇಳಿದರು?”

ಅಕ್ಕ ಒಂದು ಕಡ್ಡಿಯ ತುದಿಯ ಎಳೆ ಎಲೆಗಳನ್ನು ಬೆರಳಿಂದ ಅಗಲಿಸಿದಳು. ಒಳಗೆ, ಕಾಳುಮೆಣಸಿನಷ್ಟು ಗಾತ್ರದ ಹಸಿರು ಗಂಟುಗಳು ಒತ್ತೊತ್ತಾಗಿ ಕೂತಿದ್ದವು. ನಡುವೆ ಒಂದು ತುಸು ದೊಡ್ಡದು, ಸುತ್ತ ಸಣ್ಣವು. ಪಕ್ಕದ ಕಡ್ಡಿಯಲ್ಲೂ ಹಾಗೇ. ಬೆಳಗ್ಗೆ ಅದೇ ತುದಿಗಳಿಗೆ ದಾರ ಸುತ್ತುತ್ತ ಕುಳಿತಿದ್ದ ಮಾಸ್ಟರಿಗೆ ಒಂದೂ ಕಂಡಿರಲಿಲ್ಲ.

“ಬಂದಿದೆ! ಬಂದಿದೆ!” ಎಂದು ಅವರು ಮಗುವಿನಂತೆ ಕೈ ತಟ್ಟಿದರು. “ನೋಡೇ, ನಡುವಿನದು ಎಷ್ಟು ದೊಡ್ಡದಾಗಿದೆ!”

ಅಕ್ಕ ಆ ನಡುವಿನದನ್ನು ಎರಡು ಉಗುರಿನ ನಡುವೆ ಹಿಡಿದು ಚಿವುಟಿದಳು. ಟಕ್ ಎಂದು ಅದು ಮಣ್ಣಿಗೆ ಬಿತ್ತು.

“ಅಯ್ಯಯ್ಯೋ ಅಕ್ಕಾ!” ಮಾಸ್ಟರು ಎದೆ ಹಿಡಿದುಕೊಂಡರು. “ಇದ್ದದ್ದರಲ್ಲಿ ದೊಡ್ಡದನ್ನೇ!”

“ಅದಕ್ಕೇ. ಅದೊಂದು ಮೊದಲು ಅರಳಿ, ಮೊದಲು ಬಾಡಿ, ಗೊಂಚಲಿನ ನಡುವೆ ತೂತು ಬೀಳಿಸುತ್ತೆ. ಅದನ್ನ ತೆಗೆದರೆ ಮಿಕ್ಕವು ಹೆಚ್ಚು ಕಮ್ಮಿ ಜೊತೆಗೇ ಬರ್ತಾವೆ. ಇದು ನನಗೆ ಗೊತ್ತಿತ್ತು ಕಣೋ, ಆದರೆ ಇಷ್ಟು ದಿನ ಮಾಡಕ್ಕೆ ಆಗ್ತಿರಲಿಲ್ಲ. ಇಷ್ಟು ಚಿಕ್ಕದರಲ್ಲಿ ನಡುವಿನದು ಯಾವುದು ಅಂತ ಬೆರಳಿಗೆ ಗೊತ್ತಾಗಲ್ಲ. ಒಂದು ಸಲ ಮಾಡಕ್ಕೆ ಹೋಗಿ ಇಡೀ ಸಂಸಾರಾನೇ ಚಿವುಟಿ ಹಾಕಿದ್ದೆ.” ಮುಂದಿನ ಕಡ್ಡಿಗೆ ಬಂದಳು. ಟಕ್. ಮಾಸ್ಟರು ಮುಖ ಆಚೆ ತಿರುಗಿಸಿದರು. ಟಕ್. “ಹೂ ಇಲ್ಲದಿದ್ದ ಹೊತ್ತಿಗೆ ಬಂದಿದ್ದೇ ಒಳ್ಳೇದಾಯ್ತು. ಅರಳಿದ ಮೇಲೆ ಬಂದಿದ್ದರೆ ಅರಳಿದ್ದನ್ನ ನೋಡ್ತಿದ್ದೆ ಅಷ್ಟೇ. ಈಗ ಮೊದಲಿಂದ ನೋಡ್ತೀನಿ.”

ಅವಳು ಮೊದಲಿಂದಲೇ ನೋಡಿದಳು. ಹಸಿರು ಮುಸುಕು ಸೀಳಿ ಬಣ್ಣದ ಗೆರೆ ಇಣುಕಿದ್ದನ್ನು ನೋಡಿದಳು. ಎಲೆಯ ಕೆಳಗೆ ಗಿಡದ ಹೇನು ಕೂತದ್ದನ್ನು ನೋಡಿ, ಸೋಪಿನ ನೀರು ಹೊಡೆದು ಓಡಿಸಿದಳು. ಗಂಟಿನ ಕೆಳಗೆ ಮತ್ತೊಂದು ಮದುವೆ ಗಂಡು ತಲೆ ಎತ್ತಿದ್ದನ್ನು ನೋಡಿ, ತಮ್ಮನನ್ನು ಕರೆದು ಅವನ ಕೈಯಿಂದಲೇ ಕೀಳಿಸಿದಳು. ಅದರ ನಡುವೆ, ಅಂಗಡಿಯ ಒಳಗೂ ಹೋಗಿ, “ಈ ಕಾಲರ್ ಸೊಟ್ಟ”, “ಈ ಜೇಬು ತಲೆಕೆಳಗು” ಎಂದು ಹೇಳತೊಡಗಿದಳು. ಮಾಸ್ಟರಿಗೆ ಬಿಚ್ಚಿ ಹೊಲಿಯುವ ಕೆಲಸ ಹೆಚ್ಚಾಯಿತು. ಗಿರಾಕಿಗಳು ಇನ್ನೂ ತಡವಾಗಿ ಬಟ್ಟೆ ಪಡೆದರು.

ಹೂ ಅರಳಿದ ಬೆಳಿಗ್ಗೆ ಅಕ್ಕ ಯಾರನ್ನೂ ಎಬ್ಬಿಸಲಿಲ್ಲ. ಮಾಸ್ಟರು ಎದ್ದು ಬಾಗಿಲು ತೆರೆದಾಗ ಆಕೆ ಸ್ಟೂಲಿನ ಮೇಲೆ ಕೂತಿದ್ದಳು. ಚಹಾದ ಲೋಟ ಮೆಟ್ಟಿಲ ಮೇಲೆ ಆರಿ ತಣ್ಣಗಾಗಿತ್ತು. ಗಿಡದ ತುದಿತುದಿಗೂ ಗೊಂಚಲು, ಒಂದೊಂದು ಗೊಂಚಲಲ್ಲೂ ಆಗ ತಾನೇ ಬಿರಿದ ಕಿತ್ತಳೆ ಬಣ್ಣದ್ದು, ಪೂರ್ತಿ ಅರಳಿ ಕೆಂಪಾದದ್ದು, ಅಂಚಿನಲ್ಲಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಒಂದೆರಡು ಮೊಗ್ಗು. ಮಾಸ್ಟರು ಸದ್ದಿಲ್ಲದೆ ಬಂದು ಪಕ್ಕದ ಮೆಟ್ಟಿಲಿನಲ್ಲಿ ಕುಳಿತರು.

“ಹೆಂಗಿದೆ ಅಕ್ಕಾ?”

ಅಕ್ಕ ಗಿಡದಿಂದ ಕಣ್ಣು ತೆಗೆಯಲಿಲ್ಲ.

“ಮಾತಾಡಿಸಬೇಡ,” ಎಂದಳು. “ಇನ್ನೂ ಆ ಪಕ್ಕ ನೋಡೋದಿದೆ.”